ಆರನೆಯ ಲ್ಯಾಬಿನ ಮೂರು ಟ್ಯೂಬುಗಳು

ಫೆಬ್ರವರಿ 11

ಗುಬ್ಬಿ,

ನಿನ್ನ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ಲ್ಯಾಬಿನದಕ್ಕಲ್ಲ. ಇನ್ನು ಮೂರು ತಿಂಗಳು ಲ್ಯಾಬಿಗೆ ಬರುವ ಕಾಗದ, ಇಮೇಲು, ಫೋನು ಎಲ್ಲವೂ ಕಡತಕ್ಕೆ ಸೇರುತ್ತವೆ. ಆ ನಿಯಮ ಮಾಡಿದವಳು ನಾನೇ, ಆದ್ದರಿಂದ ದೂರುವಂತಿಲ್ಲ.

ಕೊನೆಗೂ ಸಮಿತಿ ಒಪ್ಪಿತು. ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅದರ ಡಿಎನ್‌ಎ ಎಣಿಸಿ ಹೇಳುವ ಪರೀಕ್ಷೆಯನ್ನು ಎಂಟು ಲ್ಯಾಬುಗಳೂ ಒಂದೇ ಕ್ರಮದಲ್ಲಿ ಮಾಡಬೇಕು, ಒಂದೇ ಅಂಕಿ ಬರಬೇಕು. ಮುಂದಿನ ವಾರ ಎಲ್ಲರಿಗೂ ಒಂದೊಂದು ಐಸ್ ಪೆಟ್ಟಿಗೆ ಬರುತ್ತದೆ. ಒಳಗೆ ಒಂಬತ್ತು ಟ್ಯೂಬು, ಬೇರೆ ಬೇರೆ ಕೆರೆ ನದಿಗಳ ನೀರು ಸೋಸಿದ ಫಿಲ್ಟರುಗಳು. ಯಾವುದು ಎಲ್ಲಿಯದು ಎಂದು ನಿಮಗೆ ತಿಳಿಯುವುದಿಲ್ಲ. ಯಾವ ಸಂಖ್ಯೆಯ ಲ್ಯಾಬು ಯಾವ ಊರಿನದು ಎಂದು ನನಗೂ ತಿಳಿಯುವುದಿಲ್ಲ. ಪಟ್ಟಿ ಹೆಡ್ ಕ್ಲರ್ಕ್ ಅವರ ಡ್ರಾಯರಿನಲ್ಲಿದೆ. ಅವರು ಬೀಗದ ಕೈಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟು, ಕನ್ನಡಕ ಎಲ್ಲಿ ಎಂದು ದಿನವಿಡೀ ಹುಡುಕುವವರು. ಗುಟ್ಟು ಭದ್ರವಾಗಿದೆ.

ಹಳೆಯ ಕ್ರಮ ಹದಿನಾಲ್ಕು ಪುಟವಿತ್ತು. ನಾನು ನಾಲ್ಕಕ್ಕೆ ಇಳಿಸಿದ್ದೇನೆ. ಎರಡು ವರ್ಷ ಹಿಡಿಯಿತು. ಆಗಸ್ಟಿನಲ್ಲಿ ನಿವೃತ್ತಿ, ಹೋಗುವ ಮುಂಚೆ ಇದೊಂದು ಮುಗಿದರೆ ಸಾಕು.

ಟ್ಯೂಬುಗಳ ಮುಚ್ಚಳ ತೆಗೆಯುವಾಗ ಜೋಪಾನ. ಹದಿನಾರು ವರ್ಷದ ಹಿಂದೆ ನನ್ನ ಹತ್ತಿರ ಕೆಲಸ ಕಲಿಯುವಾಗ ಮೇಜಿನ ಮೇಲೆ ಒಂದು ಹನಿ ಸಿಡಿಸಿ, ಪಕ್ಕದ ಟ್ಯೂಬುಗಳ ಅಂಕಿ ಏರಿಸಿ, ಇಡೀ ವಾರದ ಕೆಲಸ ಹಾಳು ಮಾಡಿದವಳು ಯಾರು ಎಂದು ನನಗೆ ನೆನಪಿಲ್ಲ. ನಿನಗೆ ನೆನಪಿರಬಹುದು.

ಅಕ್ಕ


ಫೆಬ್ರವರಿ 20

ಪ್ರೀತಿಯ ಅಕ್ಕಾ,

ಪೆಟ್ಟಿಗೆ ಬಂತು. ಮೂರು ಮಹಡಿ ನಾನೇ ಹೊತ್ತು ತಂದೆ. ನಮ್ಮ ಲಿಫ್ಟು ಇನ್ನೂ "ದುರಸ್ತಿಯಲ್ಲಿದೆ". ಹಲಗೆಯ ಮೇಲಿನ ಬಣ್ಣ ಮಾಸಿದ್ದರಿಂದ ಮೊನ್ನೆ ಅದನ್ನು ಮಾತ್ರ ದುರಸ್ತಿ ಮಾಡಿದರು.

ಆ ಹನಿ ನೆನಪಿದೆ. ನಿರ್ದೇಶಕರ ಮುಂದೆ ನೀವು "ನನ್ನ ಕೈ ತಪ್ಪು" ಎಂದದ್ದೂ ನೆನಪಿದೆ. ಆಮೇಲೆ ಇವತ್ತಿನವರೆಗೆ ನಾನು ಒಂದು ಹನಿಯನ್ನೂ ಸಿಡಿಸಿಲ್ಲ. ನೀವು ನಂಬುವುದಿಲ್ಲ, ಆದರೂ ಹೇಳಿದ್ದೇನೆ.

ಇಲ್ಲಿ ಎಲ್ಲರ ಕಣ್ಣೂ ಈ ಪೆಟ್ಟಿಗೆಯ ಮೇಲಿದೆ. ನಾವು ಪಾಸಾದರೆ ಈ ಲ್ಯಾಬು ಉಳಿಯುತ್ತದೆ. ಇಲ್ಲವಾದರೆ ನಮ್ಮ ಕೆರೆಯ ನೀರು ನಾಲ್ಕು ಗಂಟೆಯ ದಾರಿ ಪ್ರಯಾಣ ಮಾಡಿ ದೊಡ್ಡ ಲ್ಯಾಬಿಗೆ ಹೋಗುತ್ತದೆ, ನಾನೂ ಅದರ ಹಿಂದೆ ಹೋಗಬೇಕಾಗುತ್ತದೆ, ಕೆಲಸ ಉಳಿದರೆ. ನಮ್ಮಣ್ಣನಿಗೆ ನನಗಿಂತ ಹೆಚ್ಚು ಆತುರ. ಅವನು ಕೆರೆಯ ದಡದಲ್ಲಿ ಮಕ್ಕಳಿಗೆ ಈಜು ಕಲಿಸುವುದು ನಿಮಗೆ ಗೊತ್ತು. ಈಗಿನ ಕ್ರಮದಲ್ಲಿ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವಷ್ಟರಲ್ಲಿ ಮರುದಿನವಾಗುತ್ತದೆ. ನೀರಿಗೆ ಇಳಿಯಬಹುದೇ ಎಂದು ತಿಳಿಸಲು ದಡದಲ್ಲಿ ಇವತ್ತು ಹಾರಿಸುವ ಹಸಿರು ಅಥವಾ ಕೆಂಪು ಬಾವುಟ ನಿನ್ನೆಯ ನೀರಿನದು. "ನಿನ್ನ ಬಾವುಟ ನೋಡ್ಕೊಂಡು ಈಜೋದು ಅಂದ್ರೆ ನಿನ್ನೆ ಪೇಪರ್ ನೋಡ್ಕೊಂಡು ಇವತ್ತು ಕೊಡೆ ಹಿಡಿದ ಹಾಗೆ" ಎನ್ನುತ್ತಾನೆ. ಅವನ ಮಗಳು ಪುಟ್ಟಿಗೆ ಒಂಬತ್ತು ವರ್ಷ. ಬಾವುಟ ಕೆಂಪಿದ್ದರೆ ದಡದಲ್ಲಿ ಕೂತು ನನ್ನನ್ನೇ ಬೈಯುತ್ತಾಳೆ. "ಊರಿಗೆ ಬಂದವಳು ನೀರಿಗೆ ಬರಲೇಬೇಕಂತೆ, ನಮ್ಮತ್ತೆ ಮಾತ್ರ ಬಂದವರನ್ನೆಲ್ಲ ವಾಪಸ್ ಕಳಿಸ್ತಾರೆ" ಎಂದು ಮೊನ್ನೆ ಎಲ್ಲರೆದುರಿಗೆ ಹೇಳಿದಳು. ಈ ಗಾದೆ ಯಾರು ಕಲಿಸಿದರೋ.

ಒಂದು ಮಾತು. ನಿಮ್ಮ ನಾಲ್ಕು ಪುಟವನ್ನು ಎರಡು ಸಲ ಓದಿದೆ. ಫಿಲ್ಟರಿನಿಂದ ತೆಗೆದ ಡಿಎನ್‌ಎಗೆ ಒಂಬತ್ತು ಪಾಲು ಶುದ್ಧ ನೀರು ಬೆರೆಸುವ ಹಂತ ಅದರಲ್ಲಿ ಕಾಣಲಿಲ್ಲ. ನಮ್ಮ ಕೆರೆಯ ಸುತ್ತ ಮರ. ಎಲೆ ಕೊಳೆತು ನೀರು ಚಹಾ ಬಣ್ಣಕ್ಕಿರುತ್ತದೆ. ಆ ಬಣ್ಣ ಯಂತ್ರವನ್ನು ಮಂಕು ಮಾಡಿ ಅಂಕಿಯನ್ನು ಇಳಿಸುತ್ತದೆ, ತೆಳು ಮಾಡಿ ಎಣಿಸಿ, ಬಂದದ್ದನ್ನು ಹತ್ತರಿಂದ ಗುಣಿಸಿದರೆ ಮಾತ್ರ ನಿಜವಾದ ಅಂಕಿ ಸಿಗುತ್ತದೆ ಎಂದು ನೀವೇ ಕಲಿಸಿದ್ದು. ಆ ಹಂತ ಮರೆತಿರಾ, ಬಿಟ್ಟಿರಾ?

ಗುಬ್ಬಿ


ಫೆಬ್ರವರಿ 27

ಗುಬ್ಬಿ,

ಪರೀಕ್ಷೆಯ ವಿಷಯ ನೀನು ನನಗೆ ಬರೆಯುವಂತಿಲ್ಲ. ನಿನ್ನ ಕಾಗದ ಓದಿ ಹರಿದು ಹಾಕಿದೆ.

ಬಿಟ್ಟದ್ದಕ್ಕೆ ಕಾರಣವಿದೆ. ಪುಟದಲ್ಲಿ ಇರುವುದನ್ನು ಮಾಡು, ಇಲ್ಲದ್ದನ್ನು ಮಾಡಬೇಡ. ಎಂಟು ಅಡುಗೆಮನೆಯಲ್ಲಿ ಎಂಟು ಕೈರುಚಿ ಬೇಡ ಎಂದೇ ಇಷ್ಟೆಲ್ಲ.

ಪುಟ್ಟಿಗೆ ಹೇಳು, ಅವಳ ಗಾದೆ ನನಗೆ ಇಷ್ಟವಾಯಿತು.

ಅಕ್ಕ


ಏಪ್ರಿಲ್ 9

ಗುಬ್ಬಿ,

ಹೇಳಬಾರದ್ದನ್ನು ಹೇಳುತ್ತಿದ್ದೇನೆ, ಆದ್ದರಿಂದ ಒಂದೇ ಸಲ ಹೇಳುತ್ತೇನೆ.

ಎಂಟು ಲ್ಯಾಬುಗಳ ಹಾಳೆಗಳೂ ಬಂದಿವೆ. ಏಳು ಲ್ಯಾಬಿನ ಅಂಕಿಗಳು ಒಂದರ ಮೇಲೊಂದು ಜೋಡಿಸಿಟ್ಟ ತಟ್ಟೆಗಳಂತೆ ಕೂತಿವೆ. ನಾನು ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಆರನೆಯದರಲ್ಲಿ ಆರು ಟ್ಯೂಬು ಸರಿಯಾಗಿವೆ, ಮೂರು ಟ್ಯೂಬಿನ ಅಂಕಿ ಉಳಿದವರದಕ್ಕಿಂತ ಮೂವತ್ತು ಪಟ್ಟು ಮೇಲಿದೆ. ಹಾಳೆಯಲ್ಲಿ ಪ್ರತಿ ಸೊನ್ನೆಯ ಒಳಗೂ ಒಂದು ಚುಕ್ಕಿ. ಸೊನ್ನೆಯೊಳಗೆ ಚುಕ್ಕಿ ಇಡುವವಳು ನನಗೆ ಗೊತ್ತಿರುವವರಲ್ಲಿ ಒಬ್ಬಳೇ.

ಲ್ಯಾಬು ತಪ್ಪಿದೆ ಎಂದು ಬರೆದರೆ ತನಿಖೆಯ ತಂಡ ಬರುತ್ತದೆ, ನಿನ್ನ ಪುಸ್ತಕಗಳನ್ನು ತೆಗೆಸುತ್ತದೆ, ಮೇಜಿನ ಪಕ್ಕ ನಿಂತು ಮತ್ತೊಮ್ಮೆ ಮಾಡಿಸುತ್ತದೆ. ಅದು ಮುಗಿಯುವಷ್ಟರಲ್ಲಿ ನಿಮ್ಮ ಲ್ಯಾಬು ಇರುವುದಿಲ್ಲ. ನಾನು "ಮೂರು ಟ್ಯೂಬುಗಳು ಸಾಗಣೆಯಲ್ಲಿ ಬಿಸಿಯಾಗಿ ಕೆಟ್ಟಿವೆ" ಎಂದು ಬರೆದೆ. ಉಳಿದ ಆರರ ಮೇಲೆ ಆರನೆಯ ಲ್ಯಾಬು ಪಾಸಾಗಿದೆ.

ಏನು ನಡೆಯಿತು ಎಂದು ನಾನು ಕೇಳುವುದಿಲ್ಲ. ನನಗೆ ಗೊತ್ತು, ನಿನಗೂ ಗೊತ್ತು. ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಇನ್ನು ಮುಂದೆ ಹಾಗಾಗದಂತೆ ನೋಡಿಕೋ.

ಅಕ್ಕ


ಏಪ್ರಿಲ್ 21

ಅಕ್ಕಾ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಮೂರು ಸಲ ಉತ್ತರ ಬರೆದೆ, ಮೂರೂ ಸಲ ಕಳಿಸಲಿಲ್ಲ.

ನೀವು ಏನನ್ನು ಮುಚ್ಚಿದಿರಿ ಎಂದು ನನಗೆ ಗೊತ್ತು. ನೀವು ಎಚ್ಚರಿಸಿ ಬರೆದ ಮೇಲೂ ಹಾಗಾದದ್ದು ನನ್ನ ತಪ್ಪು. ಇನ್ನು ಹಾಗಾಗುವುದಿಲ್ಲ. ಇದರ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡುವುದು ಬೇಡ.

ಒಂದನ್ನು ಮಾತ್ರ ಹೇಳಬೇಕು. ಪೆಟ್ಟಿಗೆ ತೆರೆದಾಗ ಐಸ್ ಗಟ್ಟಿಯಾಗಿಯೇ ಇತ್ತು. ಯಾವ ಟ್ಯೂಬೂ ಬಿಸಿಯಾಗಿರಲಿಲ್ಲ. ಸುಳ್ಳು ನನ್ನ ಹೆಸರಿನಲ್ಲಿ ಕಡತದಲ್ಲಿ ಕೂತಿದೆಯಲ್ಲ, ಅದಕ್ಕೆ ಹೇಳಿದೆ.

ಮೇ ಒಂದರಿಂದ ಹೊಸ ಕ್ರಮ. ನಾಲ್ಕು ಪುಟಗಳನ್ನು ಗೋಡೆಗೆ ಅಂಟಿಸಿದ್ದೇನೆ. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಗಳನ್ನು ಕೊಳ್ಳುವುದು ಇನ್ನು ಬೇಡ ಎಂದು ಮೇಲಿನಿಂದ ಆದೇಶ ಬಂದಿದೆ.

ಗುಬ್ಬಿ


ಏಪ್ರಿಲ್ 29

ಗುಬ್ಬಿ,

ಐಸಿನ ವಿಷಯ ಬಿಡು. ನಿನ್ನ ಕಾಗದದಲ್ಲಿ ಮುನಿಸು ಕಾಣುತ್ತದೆ. ಇಷ್ಟು ವರ್ಷದ ಮೇಲೂ ಒಂದು ಹನಿ ಸಿಡಿಯುವುದು ನಾಚಿಕೆಗೇಡೇನಲ್ಲ. ನನ್ನ ಕೈಯೂ ಈಚೆಗೆ ನಡುಗುತ್ತದೆ.

ಇದನ್ನು ಕಳಿಸಬೇಕೋ ಬೇಡವೋ ಎಂದು ಯೋಚಿಸಿದೆ. ಕಳಿಸುವುದಿಲ್ಲ. ನೀನೇ ಮಾತಾಡುವುದು ಬೇಡ ಎಂದಿದ್ದೀಯ.


ಜೂನ್ 6

ಅಕ್ಕಾ,

ಒಂದು ತಿಂಗಳಿನಿಂದ ನಮ್ಮ ದಡದಲ್ಲಿ ಹಸಿರು ಬಾವುಟ. ಬೆಳಿಗ್ಗೆ ಏಳಕ್ಕೆ ನೀರು ತರುತ್ತೇನೆ, ಹನ್ನೊಂದಕ್ಕೆ ಅಂಕಿ ಸಿಗುತ್ತದೆ, ಅಣ್ಣ ಕಂಬದ ಹತ್ತಿರ ಹಗ್ಗ ಹಿಡಿದು ನನ್ನ ಫೋನಿಗೆ ಕಾಯುತ್ತಿರುತ್ತಾನೆ. ಪುಟ್ಟಿ ಈಗ ಆಚೆ ದಡದವರೆಗೆ ಹೋಗಿ ಬರುತ್ತಾಳೆ.

ಅಂಕಿಗಳು ತುಂಬ ಚೆನ್ನಾಗಿವೆ. ಹೋದ ವರ್ಷ ಇದೇ ಕಾಲದಲ್ಲಿ ವಾರಕ್ಕೆ ಎರಡು ದಿನವಾದರೂ ಕೆಂಪು ಇರುತ್ತಿತ್ತು. ಅಣ್ಣ ಹೇಳುತ್ತಾನೆ, "ನೀರು ಚೆನ್ನಾಗಾಗಿದೆ, ಸಂತೋಷಪಡೋದು ಬಿಟ್ಟು ಮುಖ ಯಾಕೆ ಹಾಗೆ ಮಾಡ್ಕೋತೀಯ. ನಿನಗೆ ಒಳ್ಳೆ ಸುದ್ದಿ ಅಂದ್ರೆ ಅಲರ್ಜಿ."

ನಿಮ್ಮ ಬೀಳ್ಕೊಡುಗೆ ಸಭೆಗೆ ಬರಲು ಆಗುವುದಿಲ್ಲ. ಈಜಿನ ಕಾಲದಲ್ಲಿ ರಜೆ ಇಲ್ಲ.

ಗುಬ್ಬಿ


ಜೂನ್ 14

ಗುಬ್ಬಿ,

ನೀನು ಬರುವುದಿಲ್ಲವೆಂದು ಬೇಸರವಾಯಿತು, ಆದರೆ ಕೆಲಸ ಮೊದಲು. ಎಂಟೂ ಲ್ಯಾಬುಗಳಿಂದ ಹೀಗೆಯೇ ಸುದ್ದಿ: ಅಂಕಿಗಳು ಸಮವಾಗಿವೆ, ನಿರಾಳವಾಗಿದೆ. ಹೆಡ್ ಕ್ಲರ್ಕ್ ನನ್ನ ಭಾಷಣಕ್ಕೆ ಎಂಟು ನಿಮಿಷ ಕೊಟ್ಟಿದ್ದಾರೆ. "ಲ್ಯಾಬಿಗೊಂದು ನಿಮಿಷ ಮೇಡಂ, ಹೆಚ್ಚಾದ್ರೆ ಜನ ತಿಂಡಿ ಕಡೆ ಎದ್ದು ಹೋಗ್ತಾರೆ" ಎಂದರು.

ಒಳ್ಳೆಯ ಸುದ್ದಿಯನ್ನು ಅನುಮಾನಿಸಬೇಡ. ಎಂಟು ಕಡೆ ಒಂದೇ ಕ್ರಮ ಒಂದೇ ಉತ್ತರ ಕೊಡುತ್ತಿದೆ ಎಂದರೆ ಅದು ಉತ್ತರವೇ.

ಅಕ್ಕ


ಜುಲೈ 3

ಮೇಡಂ,

ನಮ್ಮ ಕೆರೆಯಲ್ಲಿ ಈಜಿದ ಹದಿನಾಲ್ಕು ಮಕ್ಕಳು ಆಸ್ಪತ್ರೆಯಲ್ಲಿದ್ದಾರೆ. ಮೊದಲು ಹೊಟ್ಟೆನೋವು, ಆಮೇಲೆ ರಕ್ತಭೇದಿ. ಹನ್ನೆರಡು ಮಂದಿ ಚೇತರಿಸಿಕೊಳ್ಳುತ್ತಿದ್ದಾರೆ. ಇಬ್ಬರ ಮೂತ್ರಪಿಂಡ ಕೆಲಸ ನಿಲ್ಲಿಸಿದೆ. ಅವರಲ್ಲಿ ಒಬ್ಬಳು ನಮ್ಮ ಪುಟ್ಟಿ. ದಿನ ಬಿಟ್ಟು ದಿನ ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡುತ್ತಾರೆ.

ಕೆರೆಯ ಮೇಲ್ಗಡೆ ಕೊಳಚೆಯ ಪೈಪು ಬಿರುಕು ಬಿಟ್ಟಿತ್ತು. ಎಷ್ಟು ವಾರದಿಂದ ಎಂದು ಯಾರಿಗೂ ತಿಳಿಯದು. ಅಷ್ಟೂ ದಿನ ಬಾವುಟ ಹಸಿರಾಗಿತ್ತು, ಹಾರಿಸಲು ಹೇಳಿದ್ದು ನಾನು.

ಮೊನ್ನೆ ಆಸ್ಪತ್ರೆಯಿಂದ ನೇರವಾಗಿ ಲ್ಯಾಬಿಗೆ ಹೋಗಿ, ಜೂನಿನ ಡಿಎನ್‌ಎ ಟ್ಯೂಬುಗಳನ್ನು ಫ್ರೀಜರಿನಿಂದ ತೆಗೆದೆ. ಎಲ್ಲಕ್ಕೂ ಒಂಬತ್ತು ಪಾಲು ನೀರು ಬೆರೆಸಿ ಮತ್ತೆ ಓಡಿಸಿದೆ. ಇಪ್ಪತ್ತೆರಡು ದಿನದ ನೀರು ಕೆಂಪು. ಕೆಲವು ದಿನ ಮಿತಿಗಿಂತ ಇಪ್ಪತ್ತು ಪಟ್ಟು.

ಮಾರ್ಚಿನಲ್ಲಿ ನಿಮ್ಮ ಒಂಬತ್ತು ಟ್ಯೂಬಿಗೂ ನಾನು ಹೀಗೆಯೇ ನೀರು ಬೆರೆಸಿದ್ದೆ. ಮೂರು ಫಿಲ್ಟರುಗಳ ಮೇಲೆ ಕಂದು ಬಣ್ಣವಿತ್ತು, ನೋಡಿದೊಡನೆ ಕೈ ತಾನಾಗಿ ಹೋಯಿತು. ಎಲ್ಲಕ್ಕೂ ಒಂದೇ ಥರ ಇರಲಿ ಎಂದು ಉಳಿದ ಆರಕ್ಕೂ ಬೆರೆಸಿದೆ. ಹಾಳೆಯಲ್ಲಿ ಬರೆಯಲಿಲ್ಲ, ಏಕೆಂದರೆ ನೀವು ಮಾಡಬೇಡ ಎಂದಿದ್ದಿರಿ. ನೀವು ಏಪ್ರಿಲಿನಲ್ಲಿ ಬರೆದಾಗ, ನಾನು ಕದ್ದು ನೀರು ಬೆರೆಸಿದ್ದು ನಿಮಗೆ ತಿಳಿಯಿತು, ಅದನ್ನೇ ಮುಚ್ಚಿದಿರಿ, ಅದನ್ನೇ ಬಿಡು ಎನ್ನುತ್ತಿದ್ದೀರಿ ಎಂದುಕೊಂಡೆ. ಬಿಟ್ಟೆ.

ಆ ಮೂರು ಅಂಕಿಗಳನ್ನು ನೋಡಿದ ಮೇಲೂ ನೀರು ಬೆರೆಸುವ ಹಂತ ಬೇಡವೆಂದು ನಿಮಗೆ ಹೇಗೆ ಅನ್ನಿಸಿತು? ಇದೊಂದನ್ನು ತಿಳಿಯಲು ಬರೆಯುತ್ತಿದ್ದೇನೆ.


ಜುಲೈ 8

ಗುಬ್ಬಿ,

ನಿನ್ನ ಕಾಗದ ಓದುವವರೆಗೆ ನೀನು ನೀರು ಬೆರೆಸಿದ್ದು ನನಗೆ ಗೊತ್ತಿರಲಿಲ್ಲ.

ನೀನು ಮತ್ತೆ ಹನಿ ಸಿಡಿಸಿದ್ದೀಯ ಎಂದುಕೊಂಡೆ. ಮೂರು ಟ್ಯೂಬು ಮೇಲಿದೆ, ಸೊನ್ನೆಯಲ್ಲಿ ಚುಕ್ಕಿ ಇದೆ, ಹಾಗಾದರೆ ಗುಬ್ಬಿ, ಹಾಗಾದರೆ ಹನಿ. ಇಷ್ಟಕ್ಕೆ ನನಗೆ ಹಿಡಿದದ್ದು ಒಂದು ನಿಮಿಷ. ಯಾವ ಮೂರು ಟ್ಯೂಬು ಎಂದು ನೋಡಲಿಲ್ಲ. ಯಾವ ನೀರು ಯಾವ ಟ್ಯೂಬಿನಲ್ಲಿದೆ ಎಂಬ ಪಟ್ಟಿ ನನ್ನ ಕೈಗೆಟುಕುವ ಕಪಾಟಿನಲ್ಲಿತ್ತು. ನಿನ್ನೆ ತೆಗೆದು ನೋಡಿದೆ. ಎರಡು, ಐದು, ಎಂಟು. ಮೂರೂ ಮರಗಳ ನಡುವಿನ ಕೆರೆಗಳು, ಮೂರೂ ಚಹಾ ಬಣ್ಣದ ನೀರು. ಸಿಡಿದ ಹನಿ ಹಾಗೆ ಆರಿಸಿಕೊಂಡು ಬೀಳುವುದಿಲ್ಲ. ಹೊಸಬರಿಗೆ ನಾನು ಮೊದಲ ವಾರ ಕಲಿಸುವ ಪಾಠ ಅದು.

ಹಂತ ಬಿಟ್ಟದ್ದೇಕೆ ಎಂದು ಕೇಳಿದ್ದೀಯ. ಹಳೆಯ ಕ್ರಮದಲ್ಲಿ ಒಬ್ಬರು ಐದು ಪಾಲು ಬೆರೆಸುತ್ತಿದ್ದರು, ಒಬ್ಬರು ಒಂಬತ್ತು, ಒಬ್ಬರು ಬೆರೆಸುತ್ತಲೇ ಇರಲಿಲ್ಲ. ಅಂಕಿಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಆ ಹಂತವನ್ನು ತೆಗೆದ ದಿನ ಎಲ್ಲರ ಅಂಕಿಯೂ ಸಮವಾಯಿತು. ಯಂತ್ರ ಮಂಕಾಗಿದೆಯೇ ಎಂದು ತಿಳಿಯಲು ಪ್ರತಿ ಸಲ ಒಂದು ಸಾಕ್ಷಿ ಟ್ಯೂಬನ್ನು ಜೊತೆಗೆ ಓಡಿಸುತ್ತೇವಲ್ಲ, ಅದರ ಸಂಕೇತ ಏಳು ಲ್ಯಾಬುಗಳಲ್ಲೂ ಕಂದು ನೀರಿನ ಜೊತೆ ತಡವಾಗಿಯೇ ಬಂದಿತ್ತು, ಅಂದರೆ ಯಂತ್ರ ಮಂಕಾಗಿತ್ತು. ಆದರೆ ಆ ತಡ ಮಿತಿಯೊಳಗಿತ್ತು. ಮಿತಿಯನ್ನು ಸಡಿಲ ಮಾಡಿದವಳೂ ನಾನೇ, ಸಣ್ಣ ಲ್ಯಾಬುಗಳು ಸೋಲದಿರಲಿ ಎಂದು. ಸಮವಾಗಿರುವುದನ್ನು ನೋಡಿ ನನಗೆ ಎಷ್ಟು ಹಿತವಾಯಿತೆಂದರೆ, ಸರಿಯಾಗಿದೆಯೇ ಎಂದು ಯಾರಾದರೂ ಕೇಳಿದ್ದರೆ ಸಿಟ್ಟಾಗುತ್ತಿದ್ದೆ. ಕೇಳಿದವಳು ನೀನೊಬ್ಬಳೇ. ನಿನ್ನ ಕಾಗದ ಹರಿದು ಹಾಕಿದೆ.

ಮರೆಯಲಾಗದ್ದು ಇದು. ನಿನ್ನ ಲ್ಯಾಬನ್ನು ನಾನು ಫೇಲು ಮಾಡಿದ್ದರೆ ತನಿಖೆಯವರು ಬಂದು ನಿನ್ನ ಪಕ್ಕ ನಿಂತು ಮಾಡಿಸುತ್ತಿದ್ದರು. ನೀನು ನೀರು ಬೆರೆಸುವುದನ್ನು ನೋಡುತ್ತಿದ್ದರು. ಏಪ್ರಿಲಿನಲ್ಲಿಯೇ ಎಲ್ಲ ತಿಳಿಯುತ್ತಿತ್ತು. ನಾನು ನಿನ್ನ ಮೇಲೆ ಪ್ರೀತಿಯಿಂದ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವರ್ಷದ ಕೆಲಸ ತನಿಖೆಗೆಂದು ಮೂರು ತಿಂಗಳು ನಿಲ್ಲುವುದು ನನಗೆ ಬೇಕಿರಲಿಲ್ಲ ಎಂಬುದೂ ನಿಜ. ಎಷ್ಟು ಪಾಲು ಯಾವುದು ಎಂದು ಈಗ ಬೇರ್ಪಡಿಸಲಾರೆ.

ನಿನ್ನೆ ಸಮಿತಿಗೆ ಬರೆದುಕೊಟ್ಟಿದ್ದೇನೆ. ಸಾಗಣೆಯಲ್ಲಿ ಏನೂ ಕೆಟ್ಟಿರಲಿಲ್ಲ, ಅದನ್ನು ಬರೆದವಳು ನಾನು, ಲ್ಯಾಬು ಯಾವುದೆಂದು ಗುರುತು ಹಿಡಿದು ಬರೆದೆ ಎಂದು. ಎಂಟೂ ಕಡೆ ಈ ಕ್ರಮವನ್ನು ನಿಲ್ಲಿಸಿದ್ದಾರೆ. ಹೆಡ್ ಕ್ಲರ್ಕ್ ಓದಿ, "ನಿವೃತ್ತಿಗೆ ಒಂದೂವರೆ ತಿಂಗಳು ಇರೋವಾಗ ಇದು ಬೇಕಿತ್ತಾ ಮೇಡಂ" ಎಂದರು. ಆಮೇಲೆ ಅವರೇ ಅದಕ್ಕೆ ಮೊಹರು ಹಾಕಿ ಕೊಟ್ಟರು.

ಹೊರಟು ಬರಲೇ? ಪುಟ್ಟಿಯನ್ನು ನೋಡಲು ನನಗೆ ಹಕ್ಕಿಲ್ಲ. ನೀನು ಬಾ ಎಂದರೆ ಬರುತ್ತೇನೆ.

ಅಕ್ಕ


ಜುಲೈ 20

ಹಿಂದಿನ ಕಾಗದದಲ್ಲಿ ಮೇಡಂ ಎಂದು ಬರೆದಿದ್ದೆ. ಈ ಸಲ ಏನೆಂದು ಬರೆಯಲಿ ಎಂದು ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೇನೆ.

ತನಿಖೆಯವರು ಬಂದು ಹೋದರು. ಮೂವರು ನನ್ನ ಮೇಜಿನ ಸುತ್ತ ನಿಂತಿದ್ದರು. ನೀರು ಬೆರೆಸಿ ತೋರಿಸಿದೆ. ಮಿಕ್ಕ ಏಳೂ ಕಡೆ ಹಾಗೆಯೇ ಮಾಡಿಸಿದರಂತೆ, ಮೂರು ಟ್ಯೂಬೂ ನನ್ನ ಅಂಕಿಗೇ ಬಂದವಂತೆ. "ನೀವು ಮಾಡಿದ್ದೇ ಸರಿ ಇತ್ತಲ್ಲಮ್ಮ, ಮತ್ತೆ ಹಾಳೇಲಿ ಯಾಕೆ ಬರೀಲಿಲ್ಲ?" ಎಂದು ಅವರಲ್ಲಿ ಹಿರಿಯರು ಕೇಳಿದರು. ಲ್ಯಾಬು ಉಳಿಯುತ್ತದಂತೆ. ನನ್ನ ಎರಡು ತಿಂಗಳ ಹಾಳೆಗಳ ಮೇಲೆ ಈಗ ರದ್ದು ಮಾಡಿದ ನೀಲಿ ಗೆರೆ ಇದೆ.

ನಿಮ್ಮ ಕಾಗದವನ್ನು ತುಂಬ ಸಲ ಓದಿದೆ. ನೀವು ಒಂದು ಮಾತು ಕೇಳಿದ್ದರೆ ಸಾಕಿತ್ತು ಎಂದು ಮೊದಲ ದಿನಗಳಲ್ಲಿ ಅನ್ನಿಸುತ್ತಿತ್ತು. ಏನು ನಡೆಯಿತು ಎಂದು ಕೇಳುವುದಿಲ್ಲ ಎಂದು ಬರೆದಿದ್ದಿರಲ್ಲ, ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿರುತ್ತಿದ್ದೆ. ಆದರೆ ಆಸ್ಪತ್ರೆಯಲ್ಲಿ ಕೂತು ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ನೀವು ಕೇಳಿದ್ದರೆ ನಾನು ಸುಳ್ಳು ಹೇಳುತ್ತಿದ್ದೆ. ನಿಮ್ಮ ನಾಲ್ಕು ಪುಟವನ್ನೇ ಅಕ್ಷರ ಬಿಡದೆ ಮಾಡಿದೆ, ಮೂರು ಟ್ಯೂಬು ಹೇಗೆ ಹಾಗಾಯಿತೋ ಎನ್ನುತ್ತಿದ್ದೆ. ಲ್ಯಾಬು ಉಳಿಸಿಕೊಳ್ಳಬೇಕಿತ್ತು. ಬೇಕಾದರೆ ಹನಿ ಸಿಡಿಯಿತೆಂದೂ ಒಪ್ಪಿಕೊಳ್ಳುತ್ತಿದ್ದೆ.

ಜೂನಿನಲ್ಲಿ ಅಂಕಿ ನೋಡಿ ನನಗೆ ಅನುಮಾನವಾಗಿತ್ತು. ಒಂದು ದಿನದ ಟ್ಯೂಬಿಗೆ ನೀರು ಬೆರೆಸಿ ನೋಡಲು ಹತ್ತು ನಿಮಿಷ ಸಾಕಿತ್ತು. ನೋಡಲಿಲ್ಲ. ನೀವು ಮುಚ್ಚಿದ್ದನ್ನು ನಾನೇ ಮತ್ತೆ ತೆರೆದ ಹಾಗಾಗುತ್ತದೆ ಎಂದು ಹೆದರಿದೆ. ಇದನ್ನು ಅಣ್ಣನಿಗೆ ಹೇಳಿಲ್ಲ. ಅವನು ಹೇಳಿದ್ದು ಇಷ್ಟೇ: "ನೀನು ಹಸಿರು ಅಂದೆ, ನಾನು ನೀರಿಗೆ ಇಳಿಸಿದೆ. ಬೈಯೋಣ ಅಂದ್ರೆ ಯಾರಿಗೆ ಬೈಯಲಿ." ಅತ್ತಿಗೆ ನನ್ನ ಜೊತೆ ಊಟದ ವಿಷಯ, ಬಟ್ಟೆಯ ವಿಷಯ ಮಾತ್ರ ಮಾತಾಡುತ್ತಾರೆ.

ನೀವು ಬರುವುದು ಬೇಡ. ಕೋಪಕ್ಕಲ್ಲ. ನೀವು ಬಂದರೆ ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತೇವೆ. ಅದು ಈಗ ಆಗಬಾರದು.

ಪುಟ್ಟಿ ಉಳಿಯುತ್ತಾಳೆ ಎಂದಿದ್ದಾರೆ. ಮೂತ್ರಪಿಂಡ ಎಷ್ಟರ ಮಟ್ಟಿಗೆ ಮರಳುತ್ತದೆ ಎಂದು ಹೇಳುತ್ತಿಲ್ಲ. ದೇಹ ನೀರನ್ನು ಹೊರಹಾಕಲಾರದು, ಆದ್ದರಿಂದ ದಿನಕ್ಕೆ ನಾನೂರು ಮಿಲಿಲೀಟರಿಗಿಂತ ಹೆಚ್ಚು ಕುಡಿಸುವಂತಿಲ್ಲ. ಬಾಯಾರಿಕೆಯಿಂದ ಅವಳ ತುಟಿ ಒಡೆದಿದೆ. ನರ್ಸು ಅಳೆದರೂ ಅವಳ ಅಮ್ಮ ಅಳೆದರೂ ಕಡಿಮೆ ಹಾಕಿದ್ದೀರಿ ಎಂದು ಜಗಳ ತೆಗೆಯುತ್ತಾಳೆ. ನಾನು ಅಳೆದರೆ ತಕರಾರಿಲ್ಲ. ಅದಕ್ಕೆ ಗಂಟೆಗೊಮ್ಮೆ ನಾನೇ ಅಳೆಯುತ್ತೇನೆ, ಸಲಕ್ಕೆ ಇಪ್ಪತ್ತೈದು. ಬಾವುಟದ ವಿಷಯ ಅವಳಿಗೆ ಯಾರೂ ಹೇಳಿಲ್ಲ.

ನಿನ್ನೆ ಪಕ್ಕದ ಹಾಸಿಗೆಯ ಹುಡುಗಿ ಅವಳನ್ನು ಕೇಳಿದಳು, "ಅಷ್ಟೇ ಅಷ್ಟು ಕೊಟ್ರೆ ಸುಮ್ನೆ ಕುಡೀತೀಯಲ್ಲ, ಮೋಸ ಮಾಡಿದ್ರೆ?"

"ನಮ್ಮತ್ತೆ ಅಳತೆ ತಪ್ಪಲ್ಲ" ಎಂದಳು. "ಅವರ ಕೆಲಸಾನೇ ಅದು."

ನಾನು ಲೋಟ ಹಿಡಿದು ನಿಂತಿದ್ದೆ. ಅವಳು ಕೈ ಚಾಚಿದಳು. ಕೊಟ್ಟೆ.